ಈ ಹೊತ್ತಿನ ಆತಂಕ, ಹುಟ್ಟುಗುಣದಂಥ ಆತಂಕ

ಮನಶ್ಶಾಸ್ತ್ರ ಆತಂಕವನ್ನು ಎರಡು ಬಗೆಯಾಗಿ ನೋಡುತ್ತದೆ. ಎದುರಿಗೆ ಬಂದ ಸಂದರ್ಭಕ್ಕೆ ಮನಸ್ಸು ಮತ್ತು ಮೈ ಆ ಹೊತ್ತಿಗೆ ತೋರುವ ಪ್ರತಿಕ್ರಿಯೆ ಸ್ಥಿತಿ ಆತಂಕ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಸಂದರ್ಭ ಕಳೆದ ಮೇಲೆ ಎಲ್ಲವೂ ತಾನಾಗಿ ಇಳಿಯುತ್ತದೆ. ಸಣ್ಣಪುಟ್ಟ ಸಂಗತಿಯಲ್ಲೂ ಮೊದಲು ಅಪಾಯವನ್ನೇ ಕಾಣುವ ಒಲವು ಸ್ವಭಾವ ಆತಂಕ. ಅದು ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣದಲ್ಲಿರುತ್ತದೆ, ವರ್ಷಗಳು ಉರುಳಿದರೂ ಹೆಚ್ಚೇನೂ ಬದಲಾಗುವುದಿಲ್ಲ. ನರ್ಸಿಂಗ್ ಕಲಿಸುವವರಿಗೆ ಬೆಳಿಗ್ಗೆ ವಾರ್ಡು, ಮಧ್ಯಾಹ್ನ ತರಗತಿ. ನಡುಗುವ ಕೈ ಎರಡೂ ಕಡೆ ಕಾಣುತ್ತದೆ. ಆ ನಡುಕ ಯಾವ ಬಗೆಯದು ಎಂದು ತಿಳಿಯದೆ ಕೊಟ್ಟ ಸಮಾಧಾನ ಹೆಚ್ಚಿನ ಸಲ ವ್ಯರ್ಥವಾಗುತ್ತದೆ ಎಂಬುದು ಈ ಲೇಖಕಿಯ ಅನುಭವ.

ಈ ಎರಡನ್ನೂ ಅಳತೆಯ ಆಧಾರದಲ್ಲಿ ಬೇರ್ಪಡಿಸಿದವರು ರೇಮಂಡ್ ಕ್ಯಾಟೆಲ್ ಮತ್ತು ಐವಾನ್ ಶೈಯರ್, 1961ರಲ್ಲಿ. ಅಮೆರಿಕದ ಚಾರ್ಲ್ಸ್ ಸ್ಪೀಲ್‌ಬರ್ಗರ್ ಅದನ್ನು ಸಿದ್ಧಾಂತವಾಗಿ ಬೆಳೆಸಿದರು. ಅವರೂ ಸಹೋದ್ಯೋಗಿಗಳೂ 1970ರಲ್ಲಿ ಪ್ರಕಟಿಸಿ 1983ರಲ್ಲಿ ಪರಿಷ್ಕರಿಸಿದ ಪ್ರಶ್ನಾವಳಿ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ 40 ಹೇಳಿಕೆಗಳಿವೆ. ಮೊದಲ 20 ಹೇಳಿಕೆಗಳಿಗೆ ‘ಈಗ, ಈ ಕ್ಷಣದಲ್ಲಿ ಎಷ್ಟು’ ಎಂದು ತೀವ್ರತೆ ನೋಡಿ ಉತ್ತರಿಸಬೇಕು. ಉಳಿದ 20ಕ್ಕೆ ‘ಸಾಮಾನ್ಯವಾಗಿ ಎಷ್ಟು ಸಲ’ ಎಂದು. ಒಂದೊಂದು ಭಾಗದ ಅಂಕ 20ರಿಂದ 80ರವರೆಗೆ ಬರಬಹುದು.

ಸ್ಪೀಲ್‌ಬರ್ಗರ್ ಸಿದ್ಧಾಂತದಲ್ಲಿ ವಾರ್ಡಿಗೆ ಹೆಚ್ಚು ಉಪಯೋಗಕ್ಕೆ ಬರುವ ಮಾತೊಂದಿದೆ, ಪಠ್ಯಪುಸ್ತಕಗಳು ಅದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಮಾನಕ್ಕೆ ಕುಂದು ಬರುವ ಪ್ರಸಂಗಗಳಲ್ಲಿ, ಎಂದರೆ ಪರೀಕ್ಷೆ, ಸಂದರ್ಶನ, ಎಲ್ಲರೆದುರು ಸೋಲುವುದು ಇಂಥವುಗಳಲ್ಲಿ, ಸ್ವಭಾವ ಆತಂಕ ಹೆಚ್ಚಿರುವವರು ಉಳಿದವರಿಗಿಂತ ಬಹಳ ಹೆಚ್ಚು ಗಾಬರಿಗೊಳ್ಳುತ್ತಾರೆ. ದೇಹಕ್ಕೇ ಅಪಾಯ ಬಂದಾಗ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಚಾಕು, ಸೂಜಿಗಳ ಮುಂದೆ ಧೈರ್ಯವಂತನ ಆತಂಕವೂ ಅಂಜುಬುರುಕನಷ್ಟೇ ಏರುತ್ತದೆ. ಶಸ್ತ್ರಚಿಕಿತ್ಸೆಯ ರೋಗಿಗಳನ್ನು ಅಭ್ಯಸಿಸಿದ ಸ್ಟೀಫನ್ ಆವರ್‌ಬ್ಯಾಕ್ 1973ರಲ್ಲಿ ತೋರಿಸಿದ್ದು ಇದಕ್ಕೆ ಹೊಂದುತ್ತದೆ: ಆಪರೇಷನ್ ಮುಗಿದ ಮೇಲೆ ಸ್ಥಿತಿ ಆತಂಕದ ಅಂಕ ಇಳಿಯಿತು, ಸ್ವಭಾವ ಆತಂಕದ ಅಂಕ ಇದ್ದಲ್ಲೇ ಇತ್ತು.

ಹೀಗಿರುವಾಗ ಆಪರೇಷನ್ನಿನ ಹಿಂದಿನ ಸಂಜೆ ರೋಗಿಯನ್ನು ನೋಡಿ ಅವನ ಸ್ವಭಾವ ತೀರ್ಮಾನಿಸುವಂತಿಲ್ಲ. ಹರ್ನಿಯಾ ಆಪರೇಷನ್ನಿಗೆಂದು ದಾಖಲಾದ, ಅರವತ್ತು ದಾಟಿದ ರೈತರೊಬ್ಬರು ಹಾಸಿಗೆಯಲ್ಲಿ ಕೂರಲಾರದೆ ಕಾರಿಡಾರಿನಲ್ಲಿ ಓಡಾಡುತ್ತಿದ್ದರು. ಬಿಪಿ 160/100. ‘ತುಂಬಾ ಆತಂಕದ ಸ್ವಭಾವ’ ಎಂದು ವಿದ್ಯಾರ್ಥಿನಿ ಕೇಸ್ ಶೀಟಿನಲ್ಲಿ ಬರೆದಾಗಿತ್ತು. “ಏನು ಯೋಚನೆ ಯಜಮಾನ್ರೇ?” ಎಂದು ಕೇಳಿದ್ದಕ್ಕೆ ಅವರು ಅಕ್ಕಪಕ್ಕ ನೋಡಿ ತಗ್ಗಿದ ದನಿಯಲ್ಲಿ, “ಬೆನ್ನಿಗೆ ಸೂಜಿ ಹಾಕಿದ್ರೆ ಕಾಲು ಬಿದ್ದೋಗ್ತದಂತಲ್ಲ ಸಿಸ್ಟರ್? ಗೇಯೋ ಮೈ ನಮ್ದು” ಎಂದರು. ‘ಹೆದರಬೇಡಿ, ಏನೂ ಆಗಲ್ಲ’ ಎಂದು ಅಷ್ಟು ಹೊತ್ತಿಗೆ ಬಂದುಹೋದವರೆಲ್ಲ ಹೇಳಿದ್ದರು. ಯಾತರ ಹೆದರಿಕೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಅರಿವಳಿಕೆ ವೈದ್ಯರು ಬಂದು, ಸೂಜಿ ಎಲ್ಲಿ ಹಾಕುತ್ತಾರೆ, ಕಾಲು ಕೆಲವು ಗಂಟೆ ಮರಗಟ್ಟಿದ ಹಾಗಿರುತ್ತದೆ, ಆಮೇಲೆ ಮೊದಲು ಬೆರಳು, ಹಿಂದೆಯೇ ಮಂಡಿ ಸ್ವಾಧೀನಕ್ಕೆ ಬರುತ್ತವೆ ಎಂದು ಬಿಡಿಸಿ ಹೇಳಿದರು. ಮರುದಿನ ಹೆಬ್ಬೆರಳು ಅಲ್ಲಾಡಿದ ಕೂಡಲೇ ಆ ಯಜಮಾನರು ಸಿಸ್ಟರನ್ನು ಕೂಗಿ ಕರೆದು ತೋರಿಸಿದರು. ಮನೆಗೆ ಹೊರಡುವವರೆಗೆ ವಾರ್ಡಿನಲ್ಲಿ ಅವರಷ್ಟು ನಿಶ್ಚಿಂತೆಯ ರೋಗಿ ಇನ್ನೊಬ್ಬರಿರಲಿಲ್ಲ.

ಇಂಥ ವಿವರಣೆಯ ಬೆಲೆ ಅಳೆದು ನೋಡಿದ್ದೂ ಆಗಿದೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಲಾರೆನ್ಸ್ ಎಗ್ಬರ್ಟ್ ತಂಡ 1964ರಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದ 97 ರೋಗಿಗಳ ಅಧ್ಯಯನ ಪ್ರಕಟಿಸಿತು. ನೋವು ಎಲ್ಲಿ, ಹೇಗೆ ಬರುತ್ತದೆ, ಬಂದಾಗ ಏನು ಮಾಡಬೇಕು ಎಂದು ಮೊದಲೇ ತಿಳಿಸಲಾದ ಗುಂಪಿಗೆ ಆಪರೇಷನ್ ನಂತರ ಬೇಕಾದ ಮಾರ್ಫಿನ್ ಜಾತಿಯ ಔಷಧ ಉಳಿದವರಿಗಿಂತ ಸುಮಾರು ಅರ್ಧದಷ್ಟು ಸಾಕಾಯಿತು.

ವಾರ್ಡಿನಲ್ಲಿ ಇನ್ನೊಂದು ಎಚ್ಚರವೂ ಬೇಕು. ಆತಂಕದಂತೆ ಕಾಣುವುದೆಲ್ಲ ಆತಂಕವಲ್ಲ. ದಾಖಲಾದ ಎರಡನೆಯ ಮೂರನೆಯ ದಿನ ಕೈ ನಡುಗಿ, ಬೆವರಿ, ನಿದ್ದೆಯಿಲ್ಲದೆ ಗೊಣಗುವ ರೋಗಿ ದಿನನಿತ್ಯ ಕುಡಿಯುತ್ತಿದ್ದವನಿರಬಹುದು. ಮದ್ಯ ಥಟ್ಟನೆ ನಿಂತಾಗ ಬರುವ ತೊಂದರೆ ಜೀವಕ್ಕೇ ಕುತ್ತು ತರಬಲ್ಲದು. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಇಳಿದಾಗ, ಥೈರಾಯಿಡ್ ಹೆಚ್ಚಾದಾಗ, ಉಬ್ಬಸಕ್ಕೆ ಸಾಲ್ಬುಟಮಾಲ್ ಕೊಟ್ಟ ಮೇಲೆ ಕಾಣುವ ಲಕ್ಷಣಗಳೂ ಹೀಗೇ ಇರುತ್ತವೆ. ಚಡಪಡಿಸುವ ರೋಗಿಗೆ ಸಮಾಧಾನ ಹೇಳುವ ಮೊದಲು ಬೆರಳಿಗೆ ಆಕ್ಸಿಮೀಟರ್ ಹಾಕಿ ಆಮ್ಲಜನಕ ನೋಡಬೇಕು.

ವಿದ್ಯಾರ್ಥಿಗಳ ವಿಷಯಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಪರೀಕ್ಷೆಯಲ್ಲಿ ಪೆಟ್ಟು ಬೀಳುವುದು ಮೈಗಲ್ಲ, ಮಾನಕ್ಕೆ. ಆದ್ದರಿಂದ ಇಲ್ಲಿ ಸ್ವಭಾವ ಆತಂಕ ತನ್ನ ಕೈವಾಡ ತೋರುತ್ತದೆ. ರಾಬರ್ಟ್ ಲೀಬರ್ಟ್ ಮತ್ತು ಲ್ಯಾರಿ ಮಾರಿಸ್ 1967ರಲ್ಲಿ ಪರೀಕ್ಷಾ ಆತಂಕದಲ್ಲೂ ಎರಡು ಎಳೆ ಬಿಡಿಸಿದರು: ಮೈಯ ತಳಮಳ ಒಂದು, ತಲೆಯೊಳಗಿನ ಚಿಂತೆ ಇನ್ನೊಂದು. ಅಂಕ ಕಳೆಯುವುದು ಹೆಚ್ಚಾಗಿ ಎರಡನೆಯದು. ಅಲರ್ಜಿಯ ಆಘಾತಕ್ಕೆ ಅಡ್ರಿನಲಿನ್ ಎಷ್ಟು ಎಂದು ಹೊರಗಿನಿಂದ ಬಂದ ಪರೀಕ್ಷಕರು ಕೇಳಿದಾಗ ವಿದ್ಯಾರ್ಥಿನಿಯೊಬ್ಬಳು ಸೆರಗಿನ ತುದಿ ಹಿಂಡುತ್ತ ನಿಂತುಬಿಟ್ಟಳು. ಬಾಗಿಲಾಚೆ ಬಂದವಳೇ, “ಅರ್ಧ ಮಿಲಿಗ್ರಾಂ, ತೊಡೆಯ ಮಾಂಸಖಂಡಕ್ಕೆ ಮೇಡಂ” ಎಂದು ತಾನಾಗಿ ಹೇಳಿದಳು. ಒಳಗೆ ಆ ಹೊತ್ತು ಅವಳ ತಲೆ ತುಂಬ ಇದ್ದದ್ದು ‘ಇವರು ನನ್ನನ್ನು ಏನೆಂದುಕೊಂಡರೋ’ ಎಂಬ ಒಂದೇ ಯೋಚನೆ. ಅದು ಕೂತ ಜಾಗದಲ್ಲಿ ನೆನಪಿಗೆ ಎಡೆ ಇರಲಿಲ್ಲ.

ಜೆರಾರ್ಡೊ ರಮಿರೆಜ್ ಮತ್ತು ಸಿಯಾನ್ ಬೈಲಾಕ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಒಂದು ದಾರಿ ತೋರಿಸಿದವು. ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಭಯವನ್ನೇ ಕಾಗದದ ಮೇಲೆ ಬರೆದ, ಪರೀಕ್ಷೆ ಎಂದರೆ ಅಂಜುವ ಮಕ್ಕಳು ಹೆಚ್ಚು ಅಂಕ ಪಡೆದರು. ‘ಸ್ವಲ್ಪ ಭಯ ಇದ್ದರೇ ಮಕ್ಕಳು ಓದೋದು’ ಎನ್ನುವ ಪೋಷಕರ ಮಾತಿಗೆ ಯೆರ್ಕೆಸ್ ಮತ್ತು ಡಾಡ್ಸನ್ ಅವರ 1908ರ ಪ್ರಯೋಗವನ್ನು ಪುರಾವೆ ಕೊಡುವುದುಂಟು. ಆ ಪ್ರಯೋಗ ನಡೆದದ್ದು ಇಲಿಗಳ ಮೇಲೆ, ವಿದ್ಯುತ್ ಆಘಾತ ಕೊಟ್ಟು. ಕೆಲಸ ಕಷ್ಟದ್ದಾದಷ್ಟೂ ಕಲಿಕೆಗೆ ಅನುಕೂಲವಾಗುವ ಆಘಾತದ ಮಟ್ಟ ಕಡಿಮೆ ಎಂದು ಅದೇ ಪ್ರಯೋಗ ಹೇಳಿದ್ದನ್ನು ಯಾರೂ ಎತ್ತುವುದಿಲ್ಲ.

ಅಳತೆಯ ವಿಷಯದಲ್ಲಿ ನರ್ಸಿಂಗ್ ಪ್ರಬಂಧಗಳು ಮತ್ತೆ ಮತ್ತೆ ಎಡವುವ ಜಾಗ ಒಂದಿದೆ. ಅರ್ಧ ಗಂಟೆ ಪ್ರಾಣಾಯಾಮ ಹೇಳಿಕೊಟ್ಟು, ಮೊದಲೂ ಆಮೇಲೂ ಸ್ವಭಾವದ ಪಟ್ಟಿಯನ್ನೇ ಕೊಟ್ಟು, ಅಂಕ ಇಳಿಯಲಿಲ್ಲ ಎಂದು ಕೈಚೆಲ್ಲುತ್ತಾರೆ. ಅರ್ಧ ಗಂಟೆಯಲ್ಲಿ ಇಳಿಯಬಹುದಾದದ್ದು ಸ್ಥಿತಿ; ಅಳೆಯಬೇಕಾದದ್ದೂ ಅದನ್ನೇ. ಎರಡೂ ಬೇಕಾದರೆ ಸ್ಥಿತಿಯ ಪಟ್ಟಿ ಮೊದಲು, ಸ್ವಭಾವದ್ದು ಆಮೇಲೆ. ನೆಮ್ಮದಿಯನ್ನು ಕೇಳುವ ಹೇಳಿಕೆಗಳ ಅಂಕವನ್ನು ತಿರುಗಿಸಿ ಕೂಡಬೇಕು, ಮರೆತರೆ ಲೆಕ್ಕವೆಲ್ಲ ಕೆಡುತ್ತದೆ. ಓದು ಬಾರದ ರೋಗಿಗೆ ಹೇಳಿಕೆ ಓದಿ ಹೇಳುವಾಗ ಪಕ್ಕದಲ್ಲಿ ನಿಂತ ಮಗನೇ ಉತ್ತರಿಸುವುದು ಸಾಮಾನ್ಯ. ಅವನನ್ನು ಟೀ ಕುಡಿದು ಬರಲು ಕಳಿಸುವುದು ಒಳ್ಳೆಯದು. ಇಷ್ಟೆಲ್ಲ ಮಾಡಿದರೂ ಈ ಅಂಕ ರೋಗನಿರ್ಣಯವಲ್ಲ.

ಎರಡಕ್ಕೂ ಉಪಚಾರ ಬೇರೆ. ಸ್ಥಿತಿ ಆತಂಕಕ್ಕೆ ಮಾಹಿತಿ, ಪರಿಚಿತ ಮುಖ, ನಿಧಾನ ಉಸಿರಾಟ, ಪರೀಕ್ಷೆಗೆ ಮೊದಲು ಅಣಕು ವೈವಾ ಬಹುಪಾಲು ಸಾಕು. ಸ್ವಭಾವ ಆತಂಕಕ್ಕೆ ಒಂದು ಸಂಜೆಯ ಮಾತು ಸಾಲದು. ಯೋಚನೆಯ ಜಾಡನ್ನೇ ತಿದ್ದುವ ಮನೋಚಿಕಿತ್ಸೆ ವಾರ, ತಿಂಗಳುಗಟ್ಟಲೆ ನಡೆಯಬೇಕಾಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಯಾರದೋ ಮನೆಯ ಆಲ್ಪ್ರಜೋಲಾಂ ಗುಳಿಗೆ ನುಂಗುವುದು ಎರಡಕ್ಕೂ ಮದ್ದಲ್ಲ. ಅದು ನೆನಪನ್ನೂ ಮಂಕು ಮಾಡುತ್ತದೆ, ಚಟವನ್ನೂ ಹತ್ತಿಸುತ್ತದೆ.

ಯಾವುದು ಯಾರದೆಂದು ತಿಳಿಯಲು ಈ ಲೇಖಕಿ ಕೇಳುವ ಪ್ರಶ್ನೆ ಸರಳ: ‘ಪರೀಕ್ಷೆ ಇಲ್ಲದ ದಿನ, ರಜೆಯಲ್ಲಿ ಹೇಗಿರ್ತೀಯಮ್ಮ?’ ರಜೆಯಲ್ಲೂ ನಿದ್ದೆ ಬಾರದೆ, ಊಟ ಸೇರದೆ, ಸುಮ್ಮನೆ ಎದೆ ಬಡಿದುಕೊಳ್ಳುವ ವಿದ್ಯಾರ್ಥಿಯನ್ನು ಮೇಷ್ಟರು, ಮೇಡಂಗಳು ತಾವೇ ಸರಿಮಾಡಲು ಹೊರಡಬಾರದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕಳಿಸಬೇಕು, ಇಲ್ಲವೇ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್‌ಗೆ ಫೋನ್ ಮಾಡಿಸಬೇಕು. ಸಂಖ್ಯೆ 14416, ಕರೆಗೆ ಹಣವಿಲ್ಲ, ದಿನದ ಎಲ್ಲ ಹೊತ್ತೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.