ಮೊಬೈಲ್ ವಿಡಿಯೋ ಸಾಕ್ಷ್ಯವಾಗಬೇಕಾದರೆ

2024ರ ಆಗಸ್ಟ್‌ನಲ್ಲಿ ತುಮಕೂರು ರಸ್ತೆಯ ಅಡಕಮಾರನಹಳ್ಳಿ ಬಳಿ ವ್ಹೀಲಿ ಹುಡುಗರ ಸ್ಕೂಟರ್‌ಗಳನ್ನು ಜನ ಮೇಲ್ಸೇತುವೆಯಿಂದ ಕೆಳಗೆಸೆದರು. ಸಿಟ್ಟು ಸಹಜ. ಆದರೆ ಇನ್ನೊಬ್ಬರ ವಾಹನ ಜಖಂ ಮಾಡುವುದೂ ಅಪರಾಧವೇ. ಮಾಗಡಿ ರಸ್ತೆಯಲ್ಲೋ ಕೆಂಗೇರಿ ಕಡೆಯಲ್ಲೋ ಇಂಥವರನ್ನು ಕಂಡರೆ ಕೈ ಮಾಡಬೇಡಿ. ವಿಡಿಯೋ ಮಾಡಿ, ಪೊಲೀಸರಿಗೆ ಕೊಡಿ.

ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅಪಾಯಕಾರಿ ಚಾಲನೆಯದು. ಮೊದಲ ಸಲಕ್ಕೆ 6 ತಿಂಗಳಿಂದ 1 ವರ್ಷ ಜೈಲು, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. ಅಪಾಯ ತರುವಂತೆ ಸಿಗ್ನಲ್ ಹಾರುವುದು, ಒನ್‌ವೇಯಲ್ಲಿ ಎದುರು ನುಗ್ಗುವುದೂ ಇದರಡಿಯೇ ಬರುತ್ತವೆ. ಗಾಡಿ ಓಡಿಸುತ್ತ ಮೊಬೈಲ್ ಹಿಡಿಯುವುದೂ ಅಷ್ಟೇ. ಹಾಗಾಗಿ ಬೈಕ್ ಓಡಿಸುತ್ತಲೇ ಶೂಟಿಂಗ್ ಮಾಡಿದರೆ ದೂರುದಾರನೂ ಅದೇ ಕಲಮಿಗೆ ಸಿಗುತ್ತಾನೆ! ಸವಾರ ಅಪ್ರಾಪ್ತನಾದರೆ 199ಎ ಪ್ರಕಾರ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ.

ತುರ್ತಾದರೆ 112ಕ್ಕೆ ಕರೆ ಮಾಡಿ. ಉಳಿದಂತೆ ಬೆಂಗಳೂರು ಸಂಚಾರ ಪೊಲೀಸರ ಅಸ್ತ್ರಂ ಆ್ಯಪ್‌ನಲ್ಲಿ ಅಥವಾ ಹತ್ತಿರದ ಸಂಚಾರ ಠಾಣೆಯಲ್ಲಿ ದೂರು ಕೊಡಬಹುದು. ನಂಬರ್ ಪ್ಲೇಟ್, ಜಾಗ, ಸಮಯ ಸ್ಪಷ್ಟವಾಗಿರಲಿ.

ಕೇಸು ಸೋಲುವುದು ಹೆಚ್ಚಾಗಿ ಇದರ ಮುಂದಿನ ಹಂತದಲ್ಲಿ. ವಾಟ್ಸಾಪ್‌ನಲ್ಲಿ ಹತ್ತು ಕೈ ದಾಟಿ ಬಂದ ತುಣುಕನ್ನು ಯಾರು, ಎಲ್ಲಿ, ಯಾವಾಗ ತೆಗೆದರೆಂದು ಹೇಳುವವರೇ ಇರುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರತಿಯ ಜೊತೆ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ದಾಖಲೆ ಒದಗಿಸಿದವರ ಸಹಿ, ಇನ್ನೊಂದಕ್ಕೆ ತಜ್ಞರದು. ಫೈಲ್ ತಿದ್ದಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯವೂ ಅದರಲ್ಲಿರಬೇಕು. ಮೂಲ ಫೋನನ್ನೇ ಮಾಲೀಕ ಕೋರ್ಟಿಗೆ ತಂದು ಸಾಕ್ಷಿ ನುಡಿದರೆ ಪ್ರಮಾಣಪತ್ರ ಬೇಡವೆಂದು ಸುಪ್ರೀಂ ಕೋರ್ಟ್ ಹಳೆಯ ಕಾಯ್ದೆಯಡಿ 2020ರಲ್ಲಿ, ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಹೇಳಿತ್ತು. ಆದ್ದರಿಂದ ವಿಡಿಯೋ ಕತ್ತರಿಸಬೇಡಿ, ಹಾಡು ಸೇರಿಸಬೇಡಿ. ಪೊಲೀಸರು ಫೋನ್ ವಶಕ್ಕೆ ಪಡೆದರೆ ಮಹಜರಿನ ಪ್ರತಿ ಕೇಳಿ ಪಡೆಯಿರಿ.

ಅಪಘಾತವೇ ಆಗಿದ್ದರೆ ಅಕ್ಕಪಕ್ಕದ ಅಂಗಡಿಗಳ ಸಿಸಿಟಿವಿ ಮುಖ್ಯ. ಹಳೆಯ ದೃಶ್ಯಗಳ ಮೇಲೆ ಹೊಸವು ತಾವಾಗಿಯೇ ದಾಖಲಾಗುತ್ತ ಹೋಗುತ್ತವೆ, ಹಾಗಾಗಿ ಆ ದಿನವೇ ಠಾಣೆಗೆ ಲಿಖಿತ ಮನವಿ ಕೊಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 94ನೇ ಕಲಂ ಅಡಿ ದೃಶ್ಯ ಒಪ್ಪಿಸುವಂತೆ ಠಾಣಾಧಿಕಾರಿ ಅಂಗಡಿಯವರಿಗೆ ಆದೇಶಿಸಬಹುದು.

ನೋಟಿಸ್ ಬಂದವರಿಗೂ ಹಕ್ಕುಗಳಿವೆ. ಕ್ಯಾಮೆರಾ ಆಧಾರದ ನೋಟಿಸ್ ಘಟನೆಯಾದ 15 ದಿನದೊಳಗೆ ಹೊರಡಬೇಕೆಂದು 2021ರ ಕೇಂದ್ರ ನಿಯಮ ಹೇಳಿತು. ಪ್ಲೇಟ್ ನಿಮ್ಮದಾದ ಮಾತ್ರಕ್ಕೆ ಓಡಿಸಿದ್ದು ನೀವೇ ಎಂದಲ್ಲ. ಆದರೆ ಓಡಿಸಿದವರು ಯಾರೆಂದು ಪೊಲೀಸರು ಕೇಳಿದಾಗ ಮಾಹಿತಿ ಕೊಡುವುದು ಮೋಟಾರು ವಾಹನ ಕಾಯ್ದೆಯ 133ನೇ ಕಲಂ ಪ್ರಕಾರ ಮಾಲೀಕನ ಹೊಣೆ. ಆರೋಪ ಒಪ್ಪದಿದ್ದರೆ ಕೋರ್ಟಿನಲ್ಲಿ ವಾದಿಸಬಹುದು.

ವಿಡಿಯೋವನ್ನು ಇನ್‌ಸ್ಟಾಗ್ರಾಂಗೆ ಹಾಕುವ ಮೊದಲು ಠಾಣೆಗೆ ಕೊಡಿ. ಕೇಸು ಮುಗಿಯುವವರೆಗೆ ಮೂಲ ಫೈಲ್ ಅಳಿಸಬೇಡಿ.