ನನ್ನದು ಎಂದರೆ ಬೆಲೆ ಹೆಚ್ಚು

ಮಗಳ ಶಾಲೆಗೆ ದುಡ್ಡು ಕಟ್ಟಬೇಕಿತ್ತು. ಅಕ್ಕ ಮೇಕೆ ಹಿಡಿದು ಸಂತೆಗೆ ಹೋದಳು. ಸಂಜೆ ಮೇಕೆ ಜೊತೆಗೇ ವಾಪಸು ಬಂದಳು. ವಾರಗಿತ್ತಿ ಕೇಳಿದಳು:

“ಯಾಕಕ್ಕಾ, ಮಾರಲಿಲ್ವಾ?”

“ಆರು ಸಾವಿರಕ್ಕೆ ಕೇಳಿದ್ರು. ನಾನು ಒಂಬತ್ತು ಅಂದೆ. ನಾನು ಸಾಕಿದ ಮೇಕೆ ಕಣೇ!”

“ಇಂಥದೇ ಮೇಕೆ ಪಕ್ಕದ ಮನೆಯೋರು ಮಾರಿದ್ರೆ ನೀನು ಎಷ್ಟು ಕೊಡ್ತಿದ್ದೆ?”

ಅಕ್ಕ ಯೋಚಿಸಿದಳು. “ಆರು. ಹೆಚ್ಚಂದ್ರೆ ಆರೂವರೆ.”

ಮೇಕೆ ಒಂದೇ ಥರ. ಬೆಲೆ ಎರಡು ಥರ. ಏಕೆ? ಒಂದು ‘ನನ್ನದು’. ಇನ್ನೊಂದು ‘ಅವರದು’.

ಇದು ದಡ್ಡತನವಲ್ಲ. ಓದಿದವರೂ ಹೀಗೇ. ಅಮೆರಿಕದಲ್ಲಿ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಿ 1990ರಲ್ಲಿ ಪ್ರಕಟಿಸಿದರು. ಕಾಲೇಜಿನ ಅರ್ಧ ವಿದ್ಯಾರ್ಥಿಗಳಿಗೆ ಕಾಫಿ ಕುಡಿಯುವ ಲೋಟ ಕೊಟ್ಟರು. ಉಳಿದವರಿಗೆ ಕೊಡಲಿಲ್ಲ. ಲೋಟ ಇದ್ದವರು ಕೇಳಿದ ಬೆಲೆ, ಇಲ್ಲದವರು ಕೊಡಲು ಒಪ್ಪಿದ ಬೆಲೆಗಿಂತ ಸುಮಾರು ಎರಡು ಪಟ್ಟು! ಕೈಲಿದ್ದದ್ದು ಹೋಗುವಾಗ ಮನಸ್ಸಿಗೆ ನೋವು. ಆ ನೋವೂ ಬೆಲೆಯಲ್ಲಿ ಸೇರುತ್ತದೆ.

ಸಾಕಿದ್ದರ ಮೇಲೆ ಪ್ರೀತಿ ಇರಲಿ. ಮಾರುವಾಗ ಮಾತ್ರ ಕೇಳಿಕೊಳ್ಳಿ: “ಇದು ನನ್ನದಲ್ಲದಿದ್ದರೆ ಎಷ್ಟು ಕೊಡುತ್ತಿದ್ದೆ?” ಇಬ್ಬರು ಮೂವರ ಹತ್ತಿರ ದರ ವಿಚಾರಿಸಿ. ಆಗ ಮೋಸವೂ ಹೋಗುವುದಿಲ್ಲ, ಕೆಲಸವೂ ಕೆಡುವುದಿಲ್ಲ.

ವಸ್ತುವನ್ನು ಬಿಗಿಯಾಗಿ ಹಿಡಿದ ಹಾಗೇ ಇಂದಿನ ‘ನನ್ನನ್ನೂ’ ಹಿಡಿದುಕೊಳ್ಳುತ್ತೇವೆ. “ನಾನು ಇಷ್ಟೇ. ಇನ್ನೇನು ಬದಲಾಗ್ತೀನಿ?” ಅನ್ನುತ್ತೇವೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 19,000ಕ್ಕೂ ಹೆಚ್ಚು ಜನರಿದ್ದರು. ವಯಸ್ಸು 18ರಿಂದ 68. ಹಿಂದಿನ ಹತ್ತು ವರ್ಷದಲ್ಲಿ ಎಷ್ಟು ಬದಲಾದಿರಿ ಎಂದು ಕೆಲವರನ್ನು ಕೇಳಿದರು. “ಬಹಳ” ಎಂದರು. ಮುಂದಿನ ಹತ್ತು ವರ್ಷದಲ್ಲಿ ಎಷ್ಟು ಬದಲಾಗುವಿರಿ ಎಂದು ಇನ್ನು ಕೆಲವರನ್ನು ಕೇಳಿದರು. “ಅಷ್ಟೇನೂ ಇಲ್ಲ” ಎಂದರು. ಹರೆಯದವರ ಉತ್ತರವೂ ಹಾಗೇ, ವಯಸ್ಸಾದವರದೂ ಹಾಗೇ.

ಅಕ್ಕ ತಂಗಿಯರೇ, ಹೆಬ್ಬೆಟ್ಟು ಒತ್ತುತ್ತಿದ್ದಾಗ “ನನಗೆ ಅಕ್ಷರ ಹತ್ತಲ್ಲ” ಎಂದವರು ನಮ್ಮಲ್ಲಿ ಎಷ್ಟು ಜನ! ಇಂದು ಈ ಸಾಲನ್ನು ನೀವೇ ಓದುತ್ತಿದ್ದೀರಿ. “ಬ್ಯಾಂಕಿಗೆ ಒಬ್ಬಳೇ ಹೋಗಲಾರೆ,” “ಸಭೆಯಲ್ಲಿ ಮಾತಾಡಲಾರೆ” ಅನ್ನುವ ಮನಸ್ಸಿನ ಮಾತನ್ನೂ ಪೂರ್ತಿ ನಂಬಬೇಡಿ.

ಓದಿ, ಮಾತಾಡಿ:

1. ಉಪಯೋಗವಿಲ್ಲದಿದ್ದರೂ ಬಿಡಲಾಗದ ವಸ್ತು ನಿಮ್ಮ ಮನೆಯಲ್ಲಿ ಯಾವುದು?

2. ಹತ್ತು ವರ್ಷದ ಹಿಂದೆ ಆಗಲ್ಲ ಎಂದಿದ್ದು, ಈಗ ಮಾಡುತ್ತಿರುವ ಒಂದು ಕೆಲಸ ಬರೆಯಿರಿ.