ಹೊಟ್ಟೆಯ ಬೊಜ್ಜು, ರಕ್ತದ ಹೆಪ್ಪು: ತಾಯಂದಿರು ತಿಳಿದಿರಬೇಕಾದದ್ದು

ಗಾಯವಾದಾಗ ರಕ್ತ ಹೆಪ್ಪುಗಟ್ಟಿ ಸೋರುವುದು ನಿಲ್ಲುತ್ತದೆ. ಇದು ದೇಹದ ರಕ್ಷಣೆ. ಆದರೆ ಗಾಯವಿಲ್ಲದೆ ರಕ್ತನಾಳದ ಒಳಗೇ ಹೆಪ್ಪುಗಟ್ಟಿದರೆ ಅಪಾಯ. ಸಾಮಾನ್ಯವಾಗಿ ಇದು ಕಾಲಿನ ಆಳದ ನಾಳದಲ್ಲಿ ಆಗುತ್ತದೆ. ಆ ಹೆಪ್ಪು ಕಿತ್ತುಬಂದು ಶ್ವಾಸಕೋಶದ ನಾಳಕ್ಕೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ.

ಮೆಟಬಾಲಿಕ್ ಸಿಂಡ್ರೋಮ್ ಎಂದರೇನು?

ಈ ಐದರಲ್ಲಿ ಮೂರು ಇದ್ದರೆ ವೈದ್ಯರು ಹಾಗೆನ್ನುತ್ತಾರೆ:
1. ಹೆಂಗಸರ ಹೊಟ್ಟೆಯ ಸುತ್ತಳತೆ 80 ಸೆಂ.ಮೀ. ಅಥವಾ ಹೆಚ್ಚು
2. ಬಿ.ಪಿ. 130/85 ಅಥವಾ ಹೆಚ್ಚು
3. ಬರಿಹೊಟ್ಟೆಯ ಸಕ್ಕರೆ 100 ಅಥವಾ ಹೆಚ್ಚು
4. ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು
5. ಒಳ್ಳೆಯ ಕೊಬ್ಬು (ಎಚ್.ಡಿ.ಎಲ್.) 50ಕ್ಕಿಂತ ಕಡಿಮೆ

ಬಿ.ಪಿ., ಸಕ್ಕರೆಗೆ ಈಗಾಗಲೇ ಗುಳಿಗೆ ನುಂಗುತ್ತಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಸುತ್ತಳತೆಯನ್ನು ಸೀರೆ ಕಟ್ಟುವಲ್ಲಿ ಅಲ್ಲ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುವೆ, ಉಸಿರು ಬಿಟ್ಟು ಅಳೆಯಬೇಕು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಬಂದವರೂ ಅಳೆದು ನೋಡಿರಿ.

ಬೊಜ್ಜಿಗೂ ಹೆಪ್ಪಿಗೂ ಏನು ಸಂಬಂಧ?

ಹೊಟ್ಟೆಯ ಕೊಬ್ಬು ಸುಮ್ಮನೆ ಕುಳಿತಿರುವುದಿಲ್ಲ. ಅದರಿಂದ ಹೊರಡುವ ಕೆಲವು ವಸ್ತುಗಳು ರಕ್ತವನ್ನು ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತವೆ. ಆದ ಹೆಪ್ಪನ್ನು ಕರಗಿಸುವ ದೇಹದ ಶಕ್ತಿಯನ್ನು ಕುಗ್ಗಿಸುತ್ತವೆ. ಹೊಟ್ಟೆಯ ಭಾರದಿಂದ ಕಾಲಿನ ರಕ್ತ ಮೇಲಕ್ಕೆ ಬರುವುದೂ ನಿಧಾನವಾಗುತ್ತದೆ.

ಹೆಂಗಸರಿಗೆ ಯಾವಾಗ ಹೆಚ್ಚು ಎಚ್ಚರ?

• ಗರ್ಭಿಣಿಯಾಗಿದ್ದಾಗ ಮತ್ತು ಹೆರಿಗೆಯ ನಂತರದ 6 ವಾರ. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗದಿರಲೆಂದು ಈ ಕಾಲದಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಸಿಸೇರಿಯನ್ ಆದವರಿಗೆ ಅಪಾಯ ಇನ್ನೂ ಹೆಚ್ಚು.
• ಗರ್ಭಕೋಶ ತೆಗೆಸಿದಂಥ ದೊಡ್ಡ ಆಪರೇಷನ್ ಆಗಿ ಮಲಗಿದಾಗ.
• ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ ನುಂಗುವಾಗ.

ಬಾಣಂತಿಯ ಮನೆಯವರಿಗೆ

ಬಾಣಂತಿ ಏಳಬಾರದು, ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಕೆಲವು ಮನೆಗಳಲ್ಲಿ ಹೇಳುತ್ತಾರೆ. ಹಿರಿಯರ ಕಾಳಜಿ ದೊಡ್ಡದು. ಆದರೆ ಅಲುಗಾಡದೆ ಮಲಗುವುದು, ನೀರು ಕಡಿಮೆ ಮಾಡುವುದು ಇವೆರಡೂ ಹೆಪ್ಪಿಗೆ ದಾರಿ. ಬೇಕಾದಷ್ಟು ನೀರು ಕೊಡಿರಿ. ಬೆಚ್ಚಗಿಡಿರಿ, ಆದರೆ ಕೋಣೆಯೊಳಗೇ ಆಗಾಗ ನಡೆದಾಡಿಸಿರಿ. ಸಿಸ್ಟರ್ ಎಬ್ಬಿಸಿ ನಡೆಸಿದರೆ ಹೊಲಿಗೆ ಬಿಚ್ಚುತ್ತದೆಂಬ ಹೆದರಿಕೆ ಬೇಡ. ತುಪ್ಪ, ಬೆಲ್ಲ, ಅಂಟಿನ ಉಂಡೆ ಮಿತವಾಗಿರಲಿ. ಸಕ್ಕರೆ ಕಾಯಿಲೆ ಇದ್ದರೆ ವೈದ್ಯರನ್ನು ಕೇಳಿಯೇ ಕೊಡಿರಿ.

ಈ ಲಕ್ಷಣ ಕಂಡರೆ ತಡ ಮಾಡಬೇಡಿರಿ

• ಒಂದೇ ಕಾಲು ಊದುವುದು, ಮೀನಖಂಡ ನೋಯುವುದು, ಬಿಸಿಯಾಗುವುದು, ಬಣ್ಣ ಬದಲಾಗುವುದು
• ಇದ್ದಕ್ಕಿದ್ದಂತೆ ದಮ್ಮು, ಉಸಿರೆಳೆದರೆ ಎದೆನೋವು, ಕೆಮ್ಮಿನಲ್ಲಿ ರಕ್ತ
• ಬಾಣಂತಿಗೆ ಬಿಡದ ತಲೆನೋವು, ಫಿಟ್ಸ್, ಕಣ್ಣು ಮಂಜಾಗುವುದು, ಒಂದು ಬದಿಯ ಕೈಕಾಲು ಸೋಲುವುದು

ಊದಿದ ಕಾಲನ್ನು ಎಣ್ಣೆ ಹಚ್ಚಿ ತಿಕ್ಕಬಾರದು. ಹೆಪ್ಪು ಕಿತ್ತು ಮೇಲಕ್ಕೆ ಹೋಗಬಹುದು. ವಾರ್ಡಿನಲ್ಲಿದ್ದರೆ ತಕ್ಷಣ ಸಿಸ್ಟರ್‌ಗೆ ಹೇಳಿರಿ. ಮನೆಯಲ್ಲಿದ್ದರೆ ಕೂಡಲೇ ಆಸ್ಪತ್ರೆಗೆ ಬನ್ನಿರಿ. ದಮ್ಮು ಅಥವಾ ಫಿಟ್ಸ್ ಇದ್ದರೆ 108ಕ್ಕೆ ಕರೆ ಮಾಡಿರಿ.

ದಿನನಿತ್ಯ ಏನು ಮಾಡಬೇಕು?

ದಿನಕ್ಕೆ 30 ನಿಮಿಷದಂತೆ ವಾರಕ್ಕೆ 5 ದಿನ ಚುರುಕಾಗಿ ನಡೆಯಿರಿ. ಊಟದಲ್ಲಿ ಅನ್ನ ಕಡಿಮೆ ಮಾಡಿ ಪಲ್ಯ, ಕಾಳು, ಹಸಿ ತರಕಾರಿ ಹೆಚ್ಚಿಸಿರಿ. ಚಹಾದ ಸಕ್ಕರೆ, ಕರಿದ ತಿಂಡಿ ಕಡಿಮೆ ಮಾಡಿರಿ. 70 ಕಿಲೋ ತೂಕದವರು 4 ಕಿಲೋ ಇಳಿಸಿದರೂ ಬಿ.ಪಿ., ಸಕ್ಕರೆ ಹತೋಟಿಗೆ ಬರಲು ಸಹಾಯವಾಗುತ್ತದೆ. ವೈದ್ಯರು ಕೊಟ್ಟ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿರಿ. ನಿಮಗೆ ಅಥವಾ ಒಡಹುಟ್ಟಿದವರಿಗೆ ಹಿಂದೆ ಹೆಪ್ಪುಗಟ್ಟಿದ್ದರೆ ಆಪರೇಷನ್‌ಗೂ ಹೆರಿಗೆಗೂ ಮುಂಚೆಯೇ ತಿಳಿಸಿರಿ.

ಮನೆಯವರೆಲ್ಲರ ಆರೈಕೆ ಮಾಡುವ ತಾಯಿ ತನ್ನ ದೇಹವನ್ನೂ ನೋಡಿಕೊಳ್ಳಬೇಕು. ಅದೂ ಒಂದು ಕಾಯಕವೇ.